ಕಂಪ್ಯೂಟರ್ ಹೆತ್ತ ಚೈತ್ರಾ

"ಅದನ್ನ ಒತ್ತಬೇಡಿ! ಹೊಸ ನಂಬರ್ ಬಿದ್ದುಬಿಡ್ತದೆ!"

ಯೋಗೇಂದ್ರ ಎದ್ದ ರಭಸಕ್ಕೆ ಪ್ಲಾಸ್ಟಿಕ್ ಕುರ್ಚಿ ಹಿಂದಕ್ಕೆ ಮಗುಚಿತು. ಕಾವ್ಯಳ ಬೆರಳು ಮೌಸ್ ಮೇಲೆ ಹಾಗೇ ನಿಂತಿತು.

"ಒತ್ತಬೇಡ ಕಾವ್ಯ," ಎಂದರು ಸುಲೋಚನಮ್ಮ. "ಅವರ ಆಫೀಸು, ಅವರ ಕಂಪ್ಯೂಟರ್ರು. ಪೆನ್ ಡ್ರೈವಿಗೆ ಪೂರ್ತಿ ಒಂದು ಪ್ರತಿ ಹಾಕ್ಕೊ. ನಿನ್ನ ಲ್ಯಾಪ್‌ಟಾಪಲ್ಲಿ ನೋಡುವ. ನಾಳೆ ಯಾರೂ ನಾವೇ ತಿದ್ದಿದ್ದು ಅನ್ನಬಾರದು."

"ಆಯ್ತು ದೊಡ್ಡಮ್ಮ."

ಸುಲೋಚನಮ್ಮ ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತರಾದವರು. ಖಾಕಿ ಬಿಟ್ಟರೂ ಜನ ಅವರನ್ನು ಬಿಟ್ಟಿರಲಿಲ್ಲ. ಅವರ ತಂಗಿಯ ಮಗಳು ಕಾವ್ಯ ಕೊಪ್ಪದ ಬಸ್ ನಿಲ್ದಾಣದ ಹತ್ತಿರ ಟೈಪಿಂಗ್ ಮತ್ತು ಜೆರಾಕ್ಸ್ ಅಂಗಡಿ ಇಟ್ಟವಳು; ಚಿಕ್ಕಪುಟ್ಟ ಪ್ರೋಗ್ರಾಂ ಬರೆಯಲೂ ಕಲಿತಿದ್ದಳು. ಇಬ್ಬರೂ ಈಗ ಕೂತಿದ್ದುದು ಯೋಗೇಂದ್ರನ ವಧೂವರ ಮಾಹಿತಿ ಕೇಂದ್ರದಲ್ಲಿ. ಬೇಕರಿಯ ಮೇಲಿನ ಕೋಣೆ. ಗೋಡೆ ತುಂಬ ಇಲ್ಲಿಂದ ಕೂಡಿಬಂದ ಜೋಡಿಗಳ ಫೋಟೋ. ಕೆಳಗಿನಿಂದ ಬೆಣ್ಣೆ ಬಿಸ್ಕತ್ತಿನ ವಾಸನೆ.

ಕಿಟಕಿಯ ಬಳಿ ಭವ್ಯ ನಿಂತಿದ್ದಳು. ಎಷ್ಟು ಹೇಳಿದರೂ ಅವಳು ಕೂತಿರಲಿಲ್ಲ.

ಕಳೆದ ತಿಂಗಳು ಹತ್ತಿರದ ನಾರ್ವೆ ಹಳ್ಳಿಯ ತನ್ನ ಮನೆಯಲ್ಲಿ ಒಪ್ಪು ವೀಳ್ಯವಾಗಿ ಮದುವೆ ಗೊತ್ತಾಗಿದ್ದ ಭವ್ಯಳಿಗೆ ಮೊದಲೇ ಒಂದು ಮದುವೆಯಾಗಿ ಮುರಿದಿತ್ತು ಎಂದು ಹೇಳುವ ಹಾಳೆಯೊಂದು ನಾಲ್ಕು ದಿನದಿಂದ ಊರೂರಿನ ಮೊಬೈಲ್‌ಗಳಲ್ಲಿ ತಿರುಗುತ್ತಿತ್ತು. ಅದು ಹೊರಟದ್ದು ಈ ಕೋಣೆಯಿಂದ.

ಹಾಳೆಯಲ್ಲಿದ್ದ ಹೆಸರು ಚೈತ್ರಾ. ತಂದೆ ಬೈರಪ್ಪ, ತಾಯಿ ವಸಂತಮ್ಮ, ಊರು ನಾರ್ವೆ. ಹುಟ್ಟಿದ ಹೊತ್ತು, ನಕ್ಷತ್ರ, ರಾಶಿ ಎಲ್ಲ ಭವ್ಯಳದೇ. ಮುಖವೂ ಭವ್ಯಳದೇ. 'ವೈವಾಹಿಕ ಸ್ಥಿತಿ: ವಿಚ್ಛೇದಿತೆ.' ನೋಂದಣಿಯ ತಾರೀಖು ಮಾತ್ರ ನಾಲ್ಕು ವರ್ಷ ಹಳೆಯದು. ಎಂದರೆ, ಹಳೇ ಮದುವೆ ಮುಚ್ಚಿಡಲು ಹೆಸರು ಬದಲಿಸಿಕೊಂಡು ಈ ವರ್ಷ ಭವ್ಯ ಎಂದು ಮತ್ತೆ ನೋಂದಣಿ ಮಾಡಿಸಿದ್ದಾಳೆ. ಜನ ಓದಿಕೊಂಡದ್ದು ಹಾಗೆ.

ಶೃಂಗೇರಿಯ ಔಷಧಿ ಅಂಗಡಿಯಲ್ಲಿ ಭವ್ಯ ಫಾರ್ಮಸಿಸ್ಟ್. ನಿನ್ನೆ ಜ್ವರದ ಮಾತ್ರೆ ಕೊಳ್ಳಲು ಬಂದವನೊಬ್ಬ ಚಿಲ್ಲರೆ ಎಣಿಸಿಕೊಳ್ಳುತ್ತ, "ಬರ್ತೀನಿ ಚೈತ್ರಾ ಅವ್ರೇ," ಎಂದು ಹಲ್ಲು ಕಿರಿದು ಹೋಗಿದ್ದ.

ಇಂದು ಸಂಜೆ ಹುಡುಗನ ಅಣ್ಣ ರಾಕೇಶ ನರಸಿಂಹರಾಜಪುರದಿಂದ ಹಿರಿಯರನ್ನು ಕರೆದುಕೊಂಡು ನಾರ್ವೆಗೆ ಬರುವವನಿದ್ದ. ವೀಳ್ಯ ಹಿಂದಕ್ಕೆ ಕೊಡಲು. ಸಾಕ್ಷಿಯಾಗಿ ಯೋಗೇಂದ್ರನೂ ಹೋಗಬೇಕಿತ್ತು. ಅವನನ್ನು ಕರೆದೊಯ್ಯಲು ಮಧ್ಯಾಹ್ನ ಜೀಪು ಬರಲಿತ್ತು.

"ಹೇಳಿ ಯೋಗೇಂದ್ರಣ್ಣ," ಎಂದರು ಸುಲೋಚನಮ್ಮ. "ರಾಕೇಶ ಬಂದು ಈ ಹಾಳೆ ನಿಮ್ಮದಾ ಅಂತ ಕೇಳಿದಾಗ ಎಂತ ಅಂದ್ರಿ?"

"ಇದ್ದದ್ದು ಹೇಳಿದೆ. ಕಂಪ್ಯೂಟರಲ್ಲಿದೆ ಅಂದೆ."

"ಬೈರಪ್ಪನಿಗೆ ಒಂದು ಫೋನ್ ಮಾಡಿ ಕೇಳ್ಬೇಕು ಅನ್ನಿಸ್ಲಿಲ್ವಾ?"

"ಕಂಪ್ಯೂಟರಲ್ಲೇ ಇದ್ಮೇಲೆ ಕೇಳೋದೆಂತ ಮೇಡಂ? ಅದೇನು ಸುಳ್ಳು ಹೇಳ್ತದಾ?"

"ಅದು ಹೇಳೋದಿಲ್ಲ. ಹೇಳಿಸಿದ್ದು ಹೇಳ್ತದೆ."

ಭವ್ಯ ಕಿಟಕಿಯಿಂದ ತಿರುಗಿದಳು. "ಅಕ್ಕ, ನಾಲ್ಕು ದಿನ ಆಯ್ತು. ನಾನು ಮದುವೆ ಆಗಿರಲಿಲ್ಲ ಅಂತ ಎಲ್ಲರಿಗೂ ನಾನೇ ಹೇಳ್ತಾ ತಿರುಗ್ತಿದ್ದೀನಿ. ಚೈತ್ರಾನ ಗಂಡ ಯಾರು, ಯಾವ ಛತ್ರದಲ್ಲಿ ಮದುವೆ ಆಯ್ತು, ಯಾರು ಊಟ ಮಾಡಿದ್ರು, ಒಬ್ಬನಾದ್ರೂ ಕೇಳಿದ್ನಾ? ಆಗದೇ ಇದ್ದ ಮದುವೆಗೆ ನಾನು ಎಲ್ಲಿಂದ ಸಾಕ್ಷಿ ತರ್ಲಿ?"

ಭವ್ಯ ಒಂದು ಹೆಜ್ಜೆ ಮುಂದೆ ಬಂದಳು.

"ಮದುವೆ ಮುರಿದವಳು ಅಂದ್ರೆ ನನಗೆ ಬೈಗುಳ ಅಲ್ಲ," ಎಂದಳು. "ಸುಳ್ಳು ಅಂತ ಹೇಳ್ತಿದ್ದೀನಿ, ಅಷ್ಟೆ."

ಮೂಲೆಯಲ್ಲಿ ಟೈಪಿಸ್ಟ್ ಅನಿತಾ ತಲೆಯೆತ್ತಿ ಅವಳನ್ನು ನೋಡಿದಳು. ಬಂದಾಗಿನಿಂದ ಆ ಹೆಂಗಸು ತಲೆಯೆತ್ತಿದ್ದು ಅದೇ ಮೊದಲು.

"ಅನಿತಾ," ಎಂದರು ಸುಲೋಚನಮ್ಮ ಮೆತ್ತಗೆ. "ಆ ಬಟನ್ ಎಂತಕ್ಕೆ ಇರೋದು? ನೀ ಹೇಳು ಮಾರಾಯ್ತಿ."

ಅನಿತಾ ಯಜಮಾನನ ಮುಖ ನೋಡಿದಳು. ಆಮೇಲೆ ಹೇಳಿದಳು.

"ಅಕ್ಕ-ತಂಗೀರಿಗೆ ಅಂತ ಮಾಡಿಸಿದ್ದು ಮೇಡಂ. ಅಕ್ಕನದು ಬರೆದಾಗಿದ್ರೆ ತಂಗೀದಕ್ಕೆ ಅಪ್ಪ-ಅಮ್ಮನ ಹೆಸರು, ಬೆಡಗು, ಮನೆ, ತೋಟ, ಸೋದರಮಾವ, ಎಲ್ಲ ಮತ್ತೆ ಹೊಡೀಬೇಕಲ್ಲ. ಅದರ ಬದಲು ಅಕ್ಕನ ದಾಖಲೆ ತೆರೆದು 'ನಕಲು' ಅಂತ ಒತ್ತೋದು. ಎಲ್ಲ ಹಾಗೇ ಇರೋ ಇನ್ನೊಂದು ಹುಟ್ಕೊಳ್ತದೆ. ಹೆಸರು, ನಕ್ಷತ್ರ, ಹುಟ್ಟಿದ ದಿನ, ಫೋಟೋ ಬದಲಾಯಿಸಿದ್ರೆ ತಂಗಿ ರೆಡಿ."

"ತಂಗಿ ರೆಡಿ!" ಕಾವ್ಯ ನಕ್ಕಳು. "ಹೆರಿಗೆ ಆಸ್ಪತ್ರೆಯವರು ಇದನ್ನ ಕಲೀಬೇಕು."

ಭವ್ಯಳಿಗೂ ನಗು ಬಂದು ಹೋಯಿತು.

ಕಾವ್ಯ ಲ್ಯಾಪ್‌ಟಾಪಿನಲ್ಲಿ ಆ ಬಟನ್ನಿನ ಹಿಂದಿದ್ದ ಬರಹ ತೆರೆದಳು. ಶಿವಮೊಗ್ಗದ ಹುಡುಗನೊಬ್ಬ ಐದಾರು ವರ್ಷದ ಹಿಂದೆ ಬರೆದುಕೊಟ್ಟದ್ದು. ಇಂಗ್ಲಿಷ್ ಸಾಲುಗಳನ್ನು ಬೆರಳಿಟ್ಟು ಕನ್ನಡದಲ್ಲಿ ಓದಿ ಹೇಳಿದಳು.

"ಈಗ ತೆರೆದಿರೋ ದಾಖಲೆ ಹಿಡ್ಕೊ. ಪಕ್ಕದಲ್ಲಿ ಖಾಲಿ ಒಂದು ತೆರೆ. ಇದರ ಒಂದೊಂದು ಚೌಕದಲ್ಲಿ ಇರೋದನ್ನ ಅದರ ಒಂದೊಂದು ಚೌಕಕ್ಕೆ ತುಂಬು. ಕ್ರಮಸಂಖ್ಯೆ ಮಾತ್ರ ತುಂಬಬೇಡ, ಅದನ್ನ ಕಂಪ್ಯೂಟರೇ ಕೊಡ್ತದೆ. ಕೊನೆಗೆ ಉಳಿಸು. ಅಷ್ಟೇ ದೊಡ್ಡಮ್ಮ, ಮ್ಯಾಜಿಕ್ ಎಂತದೂ ಇಲ್ಲ." ಅವಳ ಬೆರಳು ನಿಂತಿತು. "ಇಲ್ಲಿ ಎಂತದೋ ಇದೆ."

"ಎಂತದು?"

"ಇದೊಂದು ಸಾಲು. 'ಇಂಥ ದಾಖಲೆಯಿಂದ ನಕಲು ಮಾಡಿದ್ದು' ಅಂತ ಹೊಸದರ ಮೇಲೆ ತಾನಾಗಿ ಬರೀಬೇಕು ಅಂತ ಆ ಹುಡುಗ ಹಾಕಿದ್ದಾನೆ. ಆದರೆ ಯಾರೋ ಈ ಸಾಲಿನ ಮುಂದೆ ಒಂದು ಗುರುತು ಹಾಕಿದ್ದಾರೆ. ಗುರುತು ಹಾಕಿದ್ರೆ ಕಂಪ್ಯೂಟರ್ ಆ ಸಾಲನ್ನ ಓದೋದಿಲ್ಲ. ಸಾಲು ಇಲ್ಲೇ ಇದೆ, ಮಲಗಿಸಿಟ್ಟಿದ್ದಾರೆ."

"ಅಂದ್ರೆ ನಕಲು ಯಾವುದು, ಅಸಲು ಯಾವುದು ಅಂತ ಗೊತ್ತಾಗಬಾರದು."

"ಹೌದು."

"ಮೊದಲು ಹಾಗೆ ಬರ್ತಿತ್ತು," ಎಂದಳು ಅನಿತಾ. "ಈ ವರ್ಷ ನಿಂತುಹೋಯ್ತು. ಕೆಟ್ಟುಹೋಗಿದೆ ಅಂದ್ಕೊಂಡೆ."

ಯೋಗೇಂದ್ರ ಬಿದ್ದ ಕುರ್ಚಿ ಎತ್ತಿ ಕೂತ. ಕರವಸ್ತ್ರ ತೆಗೆದು ಕತ್ತು ಒರೆಸಿಕೊಂಡ. "ಇದೆಲ್ಲ ನನಗೆ ತಿಳಿಯೋದಿಲ್ಲ ಮೇಡಂ. ಕಂಪ್ಯೂಟರ್ ಆನ್ ಮಾಡೋದಕ್ಕೂ ಬರೋದಿಲ್ಲ ನನಗೆ. ಎಂತದೋ ಕೈತಪ್ಪಿ ಆಗಿರಬಹುದು. ಯಾರದೋ ಹೊಡೆಯೋಕೆ ಹೋಗಿ ಯಾರದೋ ಆಗಿರ್ತದೆ."

"ಕೈತಪ್ಪಿದ್ರೆ ಒಂದು ಅಕ್ಷರ ತಪ್ಪುತ್ತದೆ ಯೋಗೇಂದ್ರಣ್ಣ. 'ವಿಚ್ಛೇದಿತೆ' ಅಂತ ಒತ್ತಕ್ಷರ ಸಮೇತ ಬರೋದಿಲ್ಲ."

ಅವರು ಎರಡು ಹಾಳೆಗಳನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟರು. ಭವ್ಯ, ಚೈತ್ರಾ. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

"ಅನಿತಾ, ನೀವು ಬರೆದಿಡೋದೆಲ್ಲ ಈ ಹಾಳೆಯಲ್ಲಿ ಬರ್ತದಾ? ಬಿಟ್ಟುಹೋಗೋದು ಎಂತಾದ್ರೂ ಉಂಟಾ?"

"ಎರಡನೇ ಪುಟ ಬರೋದಿಲ್ಲ ಮೇಡಂ. ಅದು ನಮಗೆ ಮಾತ್ರ. ಷರಾ ಅಂತ. ಅಪ್ಪನಿಗೆ ಕಿವಿ ಮಂದ, ಅಮ್ಮನಿಗೆ ಫೋನ್ ಮಾಡಿ, ಅಜ್ಜಿ ಎದುರು ವರದಕ್ಷಿಣೆ ಮಾತು ಬೇಡ, ಹೀಗೆ. ಪರದೆ ಮೇಲೂ ಕೆಳಗಿರೋ 'ಷರಾ' ಬಟನ್ ಒತ್ತಿದ್ರೆ ಮಾತ್ರ ಕಾಣ್ತದೆ."

"ನಕಲು ಒತ್ತಿದಾಗ ಅದೂ ಬರ್ತದಾ?"

"ಬರ್ತದೆ. ಮರೆತು ಎಷ್ಟೋ ಸಲ ಬೈಸಿಕೊಂಡಿದ್ದೀನಿ. ಅಕ್ಕನಿಗೆ ಬರೆದದ್ದು ತಂಗಿಗೂ ಅಂಟಿಕೊಂಡು…"

ಸುಲೋಚನಮ್ಮ ಕಾವ್ಯಳ ಕಡೆ ನೋಡಿದರು. ಕಾವ್ಯ ಆಗಲೇ ಒತ್ತಿದ್ದಳು. ಚೈತ್ರಾಳ ಎರಡನೇ ಪುಟ ತೆರೆಯಿತು. ಓದಿದವಳೇ ಲ್ಯಾಪ್‌ಟಾಪನ್ನು ಯೋಗೇಂದ್ರನ ಕಡೆ ತಿರುಗಿಸಿದಳು.

"ಗಟ್ಟಿಯಾಗಿ ಓದಿ," ಎಂದರು ಸುಲೋಚನಮ್ಮ.

"ಕನ್ನಡಕ ತಂದಿಲ್ಲ."

"ಮೂಗಿನ ಮೇಲೇ ಇದೆ."

ಯೋಗೇಂದ್ರ ಓದಿದ. ದನಿ ಏಳಲಿಲ್ಲ. "ತಂದೆ ಜೀಪಿನಿಂದ ಬಿದ್ದು ಕಾಲು ಮುರಿದಿದೆ. ಹೆಣ್ಣು ನೋಡಲು ಶೃಂಗೇರಿಗೆ ಕರೆಸುವುದು ಬೇಡ. ನಾರ್ವೆ ಮನೆಗೇ ಹೋಗುವುದು."

ಹೆಣ್ಣಿನ ಮನೆಗೆ ನೇರ ಹೋಗಿ, ಬೇಡವೆಂದರೆ ಎರಡು ಕಡೆಗೂ ಮುಜುಗರ. ಅದಕ್ಕೇ ಮೊದಲ ನೋಟಕ್ಕೆ ಶೃಂಗೇರಿ. ದೇವಸ್ಥಾನಕ್ಕೆ ಬಂದಂತೆ ಬಂದು, ಹೋಟೆಲಿನಲ್ಲಿ ಕಾಫಿ ಕುಡಿದು, ಒಪ್ಪಿದರೆ ಮುಂದಿನ ಮಾತು. ಬೈರಪ್ಪನಿಗಾಗಿ ಮಾತ್ರ ಆ ಪದ್ಧತಿ ಬದಲಾಗಿತ್ತು.

"ಅಪ್ಪ ಬಿದ್ದದ್ದು ಕಳೆದ ದೀಪಾವಳಿಗೆ," ಎಂದಳು ಭವ್ಯ. ಅವಳ ಕೈ ಕಿಟಕಿಯ ಸರಳು ಹಿಡಿದಿತ್ತು. "ಆಮೇಲೆ ಅಮ್ಮ ಬಂದು ನನ್ನ ಹೆಸರು ಇಲ್ಲಿ ಬರೆಸಿದ್ದು."

"ಕಳೆದ ದೀಪಾವಳಿಗೆ ಮುರಿದ ಕಾಲು," ಎಂದರು ಸುಲೋಚನಮ್ಮ, "ನಾಲ್ಕು ವರ್ಷದ ಹಿಂದಿನ ದಾಖಲೆಯಲ್ಲಿ ಹೇಗೆ ಬಂತು ಯೋಗೇಂದ್ರಣ್ಣ? ಬೈರಪ್ಪ ಮೊದಲೇ ಬರೆಸಿಟ್ಟು ಆಮೇಲೆ ಬಿದ್ನಾ?"

ಅನಿತಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗುವೋ ಅಳುವೋ ತಿಳಿಯಲಿಲ್ಲ.

"ಭವ್ಯನ ದಾಖಲೆ ತೆರೆದ್ರು, ನಕಲು ಒತ್ತಿದ್ರು. ಹೆಸರು, ಫೋಟೋ, ತಾರೀಖು, ಆ ಒಂದು ಪದ, ಇಷ್ಟು ಬದಲಾಯಿಸಿ ಪ್ರಿಂಟ್ ತೆಗೆದ್ರು. ಎರಡನೇ ಪುಟ ನೋಡ್ಲಿಲ್ಲ. ಆಗಿದ್ದು ಇಷ್ಟೇ. ಒಂದು ಬೆರಳಿನ ಕೆಲಸ." ಸುಲೋಚನಮ್ಮನ ದನಿ ಏರಿತು. "ಅಷ್ಟಕ್ಕೆ ಈ ಹುಡುಗಿ ಅಂಗಡಿಯಲ್ಲಿ ತಲೆ ತಗ್ಗಿಸಿ ಮಾತ್ರೆ ಕೊಡಬೇಕು. ಅಪ್ಪ ಮಲಗಿದಲ್ಲೇ ಗೋಡೆ ಕಡೆ ತಿರುಗಬೇಕು. ನೀವು ಮಾತ್ರ 'ಕಂಪ್ಯೂಟರಲ್ಲಿದೆ' ಅಂತ ಹೇಳಿ, ಅವರ ಜೀಪಲ್ಲೇ ಹೋಗಿ, ಅವರ ಮನೆ ಕಾಫಿ ಕುಡಿದು ಬರ್ತೀರಿ!"

"ನಾನೆಂತ ಮಾಡ್ಲಿ? ಟೈಪ್ ಮಾಡೋದು ಇವಳು!" ಯೋಗೇಂದ್ರನ ಕೈ ಅನಿತಾಳ ಕಡೆ ಚಾಚಿತು. "ಗಂಡನ್ನ ಬಿಟ್ಟು ಬಂದವಳು. ಕನಿಕರಕ್ಕೆ ಕೆಲಸ ಕೊಟ್ಟೆ. ಬೇರೆ ಹೆಣ್ಮಕ್ಕಳ ಮನೆ ತುಂಬೋದು ಇವಳಿಗೆ ನೋಡೋಕಾಗೋದಿಲ್ಲ. ಅದಕ್ಕೇ ಹೀಗೆ ಮಾಡಿದ್ದಾಳೆ. ಇನ್ನೆಂತ ಬೇಕು ನಿಮಗೆ?"

ಅನಿತಾ ಕಲ್ಲಿನಂತೆ ಕೂತಳು.

"ಬಾಯಿ ಮುಚ್ಚಿ ಯೋಗೇಂದ್ರ."

ಸುಲೋಚನಮ್ಮ ಕೂಗಲಿಲ್ಲ. ಆದರೆ ಅಣ್ಣ ಎನ್ನುವುದು ಬಿದ್ದುಹೋಗಿತ್ತು. ಸ್ಟೇಷನ್ನಿನಲ್ಲಿ ಅವರ ಆ ದನಿ ಕೇಳಿದವರು ಈಗಲೂ ಅದನ್ನು ಮರೆತಿಲ್ಲ.

"ಇಷ್ಟು ಮನೆಗಳ ಹೆಣ್ಮಕ್ಕಳ ಜಾತಕ ಇಟ್ಕೊಂಡು ಕೂತವರ ಬಾಯಲ್ಲಿ ಬರೋ ಮಾತಾ ಇದು? ಇವಳ ಮನೆ ಮುರೀತು ಅಂದ್ರೆ ಇವಳು ಎಲ್ಲರ ಮನೆ ಮುರೀತಾಳೆ ಅಂತ ಯಾವ ಜಾತಕದಲ್ಲಿ ಬರೆದಿದೆ? ಕಾವ್ಯ, ಚೈತ್ರಾನ ಕ್ರಮಸಂಖ್ಯೆಗೆ ಹಿಂದಿನದು ಯಾರದು, ಮುಂದಿನದು ಯಾರದು ನೋಡು."

ಕ್ರಮಸಂಖ್ಯೆಯನ್ನು ಕಂಪ್ಯೂಟರ್ ತಾನೇ ಕೊಡುತ್ತದೆ. ತಾರೀಖನ್ನು ತಿದ್ದಬಹುದು, ಅದನ್ನು ತಿದ್ದಲಾಗದು. ಹಾಗಾಗಿ ಚೈತ್ರಾ ನಾಲ್ಕು ವರ್ಷದ ಹಿಂದಿನವರ ನಡುವೆ ಇರಲಿಲ್ಲ. ಪಟ್ಟಿಯ ಕೊನೆಯ ಹತ್ತಿರ, ಕಿಗ್ಗದ ಅಕ್ಕ-ತಂಗಿಯರ ಬೆನ್ನಿಗೇ ಇದ್ದಳು.

"ಕಿಗ್ಗದವರು!" ಅನಿತಾ ತಟ್ಟನೆ ಎದ್ದಳು. "ಅವರದು ಹೋದ ಗುರುವಾರ ಬೆಳಿಗ್ಗೆ ನಾನೇ ಹೊಡೆದದ್ದು. ಅಕ್ಕನದು ಹೊಡೆದು, ತಂಗೀದು ನಕಲು ಮಾಡಿ. ಮಧ್ಯಾಹ್ನ ಅಕ್ಕನ್ನ ತೋರಿಸೋಕೆ ಅವರ ಕಾರಲ್ಲೇ ಶೃಂಗೇರಿಗೆ ಹೋದೆ. ಬಂದಾಗ ಆಫೀಸ್ ಬಾಗಿಲು ಹಾಕಿತ್ತು. ಶುಕ್ರವಾರ ಬಂದು ಹೊಡೆದದ್ದು ಕಳಸದವರದು. ಅದು ಚೈತ್ರಾ ಆದಮೇಲಿದೆ."

"ಅಂದ್ರೆ ಚೈತ್ರಾ ಹುಟ್ಟಿದ್ದು ಗುರುವಾರ ಮಧ್ಯಾಹ್ನ, ನೀನು ಶೃಂಗೇರಿಯಲ್ಲಿದ್ದಾಗ."

"ಕಿಗ್ಗದವರನ್ನೇ ಕೇಳಿ ಮೇಡಂ. ಆ ಹುಡುಗಿಯ ಅಜ್ಜಿ ದಾರಿಯುದ್ದಕ್ಕೂ ನನ್ನ ತೊಡೆ ಮೇಲೇ ವಾಂತಿ ಮಾಡಿದ್ದಾರೆ."

ಸುಲೋಚನಮ್ಮ ಕುರ್ಚಿಯನ್ನು ಯೋಗೇಂದ್ರನ ಎದುರಿಗೆ ಎಳೆದುಕೊಂಡು ಕೂತರು.

"ಆನ್ ಮಾಡೋದಕ್ಕೂ ಬರೋದಿಲ್ಲ ಅಂದ್ರಿ."

"ಬರೋದಿಲ್ಲ."

"ಹಾಗಾದ್ರೆ ಬೆಳಿಗ್ಗೆ ಕಾವ್ಯ ಮೌಸ್ ಹಿಡಿದಾಗ 'ಒತ್ತಬೇಡಿ, ಹೊಸ ನಂಬರ್ ಬಿದ್ದುಬಿಡ್ತದೆ' ಅಂತ ಕೂಗಿದ್ರಲ್ಲ. ಅವಳು ಯಾವ ಬಟನ್ ಮೇಲಿದ್ಲು ಅಂತ ಅಲ್ಲಿಂದ ಹೇಗೆ ಗೊತ್ತಾಯ್ತು? ಒತ್ತಿದ್ರೆ ನಂಬರ್ ಬೀಳ್ತದೆ ಅಂತ ಯಾರು ಹೇಳಿದ್ರು?"

ಯೋಗೇಂದ್ರ ಮತ್ತೆ ಕರವಸ್ತ್ರ ಹೊರತೆಗೆದ. ಕೆಳಗೆ ಬೇಕರಿಯವನು ಯಾರಿಗೋ "ಬಿಸಿ ಬನ್ನು ಈಗ ಬಂತು" ಎಂದು ಕೂಗುವುದು ಕೇಳಿಸಿತು.

"ಅನಿತಾ ಮಾಡೋದು ನೋಡಿದ್ದೀನಿ…"

"ಈಗ ನೋಡಿದ್ದೀರಿ. ಆಗ ಬರೋದೇ ಇಲ್ಲ ಅಂದ್ರಿ."

ಅಷ್ಟರಲ್ಲಿ ಕಾವ್ಯ, "ಭವ್ಯ, ಸ್ವಲ್ಪ ಬಾ ಇಲ್ಲಿ," ಎಂದಳು.

ಹಾಳೆಯಲ್ಲಿ ಅಚ್ಚಾಗುವುದು ಮುಖ ಮಾತ್ರ. ಆದರೆ ದಾಖಲೆಯೊಳಗೆ ಫೋಟೋ ಪೂರ್ತಿ ಇರುತ್ತದೆ. ಕಾವ್ಯ ಚೈತ್ರಾಳ ಫೋಟೋವನ್ನು ಪರದೆ ತುಂಬ ಹರಡಿದ್ದಳು. ಕನ್ನಡಿಯ ಎದುರು ನಿಂತು ಭವ್ಯ ತಾನೇ ತೆಗೆದುಕೊಂಡ ಚಿತ್ರ. ಮೈಮೇಲೆ ನವಿಲಿನ ಕತ್ತಿನ ಬಣ್ಣದ ರೇಷ್ಮೆ ಸೀರೆ.

ಭವ್ಯ ಪರದೆಯ ಹತ್ತಿರಕ್ಕೆ ಬಗ್ಗಿದಳು.

"ಇದು… ವೀಳ್ಯದ ದಿನ ಅವರ ಮನೆಯವರು ಕೊಟ್ಟ ಸೀರೆ. ಬ್ಲೌಸ್ ಹೊಲಿಸಿ ಬಂದ ದಿನ ಉಟ್ಟು ನೋಡಿದೆ. ಅಮ್ಮನಿಗೂ ತೋರಿಸಿರಲಿಲ್ಲ ಅಕ್ಕ. ಒಬ್ಬರಿಗೆ ಮಾತ್ರ ಕಳಿಸಿದ್ದೆ."

"ಯಾರಿಗೆ?"

"ಪ್ರದೀಪನಿಗೆ."

ಸುಲೋಚನಮ್ಮನ ಕೈ ಮೇಜಿನ ಮೇಲೆ ನಿಂತಿತು. ಪ್ರದೀಪ ಎಂದರೆ ಭವ್ಯಳ ಹುಡುಗ. ಮೂರು ದಿನದ ಹಿಂದೆ ಅಣ್ಣನಿಗೆ ತಿಳಿಯದಂತೆ ಕೊಪ್ಪಕ್ಕೆ ಬಂದು, "ಹೇಗಾದ್ರೂ ಈ ಮದುವೆ ಉಳಿಸಿಕೊಡಿ ಸುಲೋಚನಕ್ಕ," ಎಂದು ಅವರ ಮುಂದೆ ಕಣ್ಣು ತುಂಬಿಕೊಂಡವನು ಅವನೇ. ಈ ಕೆಲಸಕ್ಕೆ ಅವರನ್ನು ಹಚ್ಚಿದವನೇ ಅವನು.

"ಅವನು ಹಾಗೆ ಮಾಡೋದಿಲ್ಲ," ಎಂದಳು ಭವ್ಯ. ಆಮೇಲೆ ಇನ್ನೂ ಸಣ್ಣ ದನಿಯಲ್ಲಿ, "ಮಾಡ್ತಾನಾ ಅಕ್ಕ?"

ಉತ್ತರ ಗೊತ್ತಿಲ್ಲದಾಗ ಸಮಾಧಾನ ಹೇಳುವ ಅಭ್ಯಾಸ ಸುಲೋಚನಮ್ಮನಿಗಿರಲಿಲ್ಲ. ತಮ್ಮ ಫೋನ್ ತೆಗೆದು ಪ್ರದೀಪನಿಗೆ ಕರೆ ಮಾಡಿದರು. ಸ್ಪೀಕರ್ ಹಾಕಿ ಫೋನನ್ನು ಭವ್ಯಳ ಕೈಗೇ ಕೊಟ್ಟರು.

"ಹಲೋ, ಸುಲೋಚನಕ್ಕ? ಎಂತ ಆಯ್ತು?"

"ನಾನು ಭವ್ಯ."

"ಭವ್ಯ! ನೀನಾ? ಅಂತೂ ಮಾತಾಡಿದೆ ಮಾರಾಯ್ತಿ!"

"ನವಿಲು ಬಣ್ಣದ ಸೀರೆ ಫೋಟೋ ಯಾರಿಗೆ ಕೊಟ್ಟೆ?"

"ಯಾವ ಫೋಟೋ?"

"ನಾನು ನಿನಗೆ ಕಳಿಸಿದ್ದು. 'ಈ ಸೀರೆಯಲ್ಲೇ ಧಾರೆಗೆ ಬಾ' ಅಂತ ಬರೆದಿದ್ದೆಯಲ್ಲ!"

"ನಾನು?" ಪ್ರದೀಪನ ದನಿಯಲ್ಲಿ ಗಾಬರಿಯಿತ್ತು, ನಾಟಕವಾಗಿದ್ದರೆ ಒಳ್ಳೆಯ ನಾಟಕ. "ಭವ್ಯ, ನೀನು ನನಗೆ ಇವತ್ತಿನವರೆಗೆ ಒಂದು ಮೆಸೇಜೂ ಮಾಡಿಲ್ಲ. ಬಯೋಡೇಟಾದಲ್ಲಿ ಇದ್ದದ್ದು ನಿಮ್ಮಮ್ಮನ ನಂಬರ್. ಅದಕ್ಕೆ ಎರಡು ಸಲ ಮಾಡಿದೆ. ಎರಡು ಸಲವೂ ನೀನು ಅಂಗಡಿಗೆ ಹೋಗಿದ್ದೀ ಅಂದ್ರು. ನಾಚಿಕೆ ಅಂದ್ಕೊಂಡು ಸುಮ್ಮನಾದೆ."

"ಫೋನ್ ಮಾಡಬೇಡ, ಮನೆಯಲ್ಲಿ ಕಿರಿಕಿರಿ, ಬರೆದ್ರೆ ಸಾಕು ಅಂತ ನೀನೇ…"

"ನಾನು ಹಾಗೆ ಎಂತಕ್ಕೆ ಹೇಳ್ಲಿ?"

ಭವ್ಯ ಫೋನನ್ನು ಮೇಜಿನ ಮೇಲಿಟ್ಟಳು. ಸುಲೋಚನಮ್ಮ, "ಆಮೇಲೆ ಮಾಡ್ತೀವಿ ಪ್ರದೀಪ. ಅಣ್ಣನ ಹತ್ರ ಎಂತದೂ ಹೇಳ್ಬೇಡ," ಎಂದು ಕರೆ ಮುಗಿಸಿದರು. ಭವ್ಯಳ ಮೊಬೈಲ್ ತೆಗೆದುಕೊಂಡು ತಮ್ಮದರ ಪಕ್ಕ ಹಿಡಿದರು. ಎರಡರಲ್ಲೂ ಹೆಸರು ಪ್ರದೀಪ. ನಂಬರ್ ಬೇರೆ ಬೇರೆ.

"ನಿನಗೆ ಈ ನಂಬರ್ ಎಲ್ಲಿ ಸಿಕ್ತು ಮಗಾ?"

"ಇಲ್ಲಿಂದ ನಮ್ಮ ಮನೆಗೆ ಕೊಟ್ಟ ಅವನ ಹಾಳೆಯಲ್ಲಿ."

ಕಾವ್ಯಳಿಗೆ ಹೇಳಬೇಕಾಗಲಿಲ್ಲ. ವರರ ಪಟ್ಟಿ ತೆರೆದು, ಪ್ರದೀಪ ಎಂದು ಟೈಪ್ ಮಾಡಿ, ಹುಡುಕು ಎಂದು ಒತ್ತಿದಳು.

ಪರದೆಯ ಮೇಲೆ ಇಬ್ಬರು ಪ್ರದೀಪರು ಬಂದು ನಿಂತರು.

ಅದೇ ಮುಖ, ಅದೇ ನಕ್ಷತ್ರ, ಅದೇ ಅಪ್ಪ-ಅಮ್ಮ, ನರಸಿಂಹರಾಜಪುರದ ಅದೇ ಮನೆ. ಕೊನೆಯಲ್ಲಿದ್ದ ಹುಡುಗನ ಮೊಬೈಲ್ ಸಂಖ್ಯೆ ಮಾತ್ರ ಬೇರೆ.

"ಕ್ರಮಸಂಖ್ಯೆ ನೋಡಿದ್ರೆ, ಹೆಣ್ಣು ನೋಡೋದಕ್ಕೂ ಮೊದಲೇ ಮಾಡಿಟ್ಟದ್ದು," ಎಂದಳು ಕಾವ್ಯ. ಅವಳ ದನಿಯಲ್ಲಿ ತಮಾಷೆ ಉಳಿದಿರಲಿಲ್ಲ. "ನಕಲಿನ ಹಾಳೆ ನಾರ್ವೆಗೆ ಕೊಟ್ಟಿದ್ದಾರೆ."

"ಒಂದು ತಿಂಗಳು," ಎಂದಳು ಭವ್ಯ. "ಒಂದು ತಿಂಗಳು ನಾನು ಯಾರ ಹತ್ರ ಮಾತಾಡ್ತಿದ್ದೆ?" ಇಷ್ಟು ಹೊತ್ತು ಬಾರದ ಕಣ್ಣೀರು ಈಗ ಬಂತು. ಅದು ದುಃಖದ್ದಾಗಿರಲಿಲ್ಲ; ಅವಳ ಮುಷ್ಟಿ ಬಿಗಿದಿತ್ತು. "ಅಪ್ಪನ ಕಾಲಿನ ವಿಷಯ, ನನ್ನ ಹೆದರಿಕೆ, ಎಲ್ಲ ಬರೆದಿದ್ದೀನಿ ಅಕ್ಕ. ನನ್ನ ಗಂಡ ಆಗೋನು ಅಂತ ನಂಬಿ ಬರೆದಿದ್ದೀನಿ. ಯಾರೋ ಕೂತು ಓದಿ ನಕ್ಕಿದ್ದಾನೆ!"

ಕೆಳಗೆ ಜೀಪಿನ ಹಾರ್ನ್ ಕೇಳಿಸಿತು. "ಯೋಗೇಂದ್ರಣ್ಣಾ, ಇಳೀರಿ! ಹೊತ್ತಾಯ್ತು!" ರಾಕೇಶನ ದನಿ.

ಯೋಗೇಂದ್ರ ಎದ್ದ.

"ಕೂತ್ಕೊಳ್ಳಿ," ಎಂದರು ಸುಲೋಚನಮ್ಮ. ಎರಡನೇ ಪ್ರದೀಪನ ನಂಬರನ್ನು ತಮ್ಮ ಫೋನಿನಲ್ಲಿ ಒತ್ತಿದರು. ಒತ್ತಿ ಕಿವಿಗೆ ಹಿಡಿಯಲಿಲ್ಲ. ಕೋಣೆಯಲ್ಲಿದ್ದವರ ಮುಖಗಳನ್ನು ನೋಡುತ್ತ ನಿಂತರು. ಇಲಾಖೆಯಲ್ಲಿ ಅವರಿಗೆ ಅದನ್ನು ಯಾರೂ ಕಲಿಸಿರಲಿಲ್ಲ. ಕಳ್ಳರೇ ಕಲಿಸಿದ್ದು.

ಕರೆ ಹೋಗುತ್ತಿತ್ತು.

ಆಮೇಲೆ ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದ್ದ ಬಟ್ಟೆಯ ಚೀಲದೊಳಗಿಂದ ಫೋನೊಂದು ರಿಂಗಾಯಿತು.

ಅದು ಅನಿತಾಳ ಚೀಲ.

"ಅದು ನನ್ನದಲ್ಲ!" ಅನಿತಾ ಚೀರಿದಳು. ಸೊಂಟದಿಂದ ತನ್ನ ಮೊಬೈಲ್ ಕಿತ್ತು ಎತ್ತಿ ಹಿಡಿದಳು. "ನನ್ನದು ಇಲ್ಲಿದೆ ಮೇಡಂ, ದೇವರಾಣೆ, ಅದು ಯಾರದೋ ನನಗೆ ಗೊತ್ತಿಲ್ಲ!"

ಭವ್ಯ ಅವಳನ್ನೇ ನೋಡಿದಳು. ಕಾವ್ಯಳೂ ನೋಡಿದಳು. ಚೀಲದೊಳಗೆ ಫೋನ್ ಬಡಿದುಕೊಳ್ಳುತ್ತಲೇ ಇತ್ತು.

"ಈಗ ನೋಡಿದ್ರಾ?" ಯೋಗೇಂದ್ರ ಎರಡೂ ಕೈ ಅಗಲಿಸಿದ. ಬೆಳಗಿನಿಂದ ಕಾಣದ ಬಣ್ಣ ಅವನ ಮುಖಕ್ಕೆ ಬಂದಿತ್ತು. "ನಾನು ಆಗಲೇ ಹೇಳಿದೆ. ನೀವು ನನಗೇ ಬಾಯಿ ಮುಚ್ಚು ಅಂದ್ರಿ. ಈಗಾದ್ರೂ ಕಣ್ಣು ಬಿಟ್ಟು ನೋಡಿದ್ರಾ ಮೇಡಂ?"

"ನೋಡಿದೆ," ಎಂದರು ಸುಲೋಚನಮ್ಮ. "ಚೆನ್ನಾಗೇ ನೋಡಿದೆ. ಬೆಲ್ ಆದಮೇಲೆ ಎಲ್ಲರೂ ಆ ಚೀಲದ ಕಡೆ ತಿರುಗಿದ್ರು. ಬೆಲ್ ಆಗೋದಕ್ಕೆ ಮೊದಲೇ ನೀವು ಅಲ್ಲಿ ಎಂತಕ್ಕೆ ನೋಡ್ತಿದ್ರಿ?"

ಮೆಟ್ಟಿಲ ಮೇಲೆ ರಾಕೇಶನ ಬೂಟಿನ ಸದ್ದು ಮೇಲೇರುತ್ತಿತ್ತು. ಯೋಗೇಂದ್ರ ಮುಳುಗುವವನು ದಡ ನೋಡುವಂತೆ ಬಾಗಿಲ ಕಡೆ ನೋಡಿದ.

ಭವ್ಯ ಕಣ್ಣೊರೆಸಿಕೊಂಡಳು. ನೆಟ್ಟಗೆ ಹೋಗಿ ಬಾಗಿಲು ಮುಚ್ಚಿ, ಚಿಲಕ ಎಳೆದು, ಅದಕ್ಕೆ ಬೆನ್ನು ಕೊಟ್ಟು ನಿಂತಳು.

ಆ ಕಡೆಯಿಂದ ರಾಕೇಶ ಬಾಗಿಲು ತಟ್ಟಿದ. ಒಮ್ಮೆ. ಆಮೇಲೆ ಜೋರಾಗಿ ಇನ್ನೊಮ್ಮೆ.

"ನಾಲ್ಕು ದಿನ ನಾನು ಉತ್ತರ ಕೊಟ್ಟೆ," ಎಂದಳು ಭವ್ಯ. "ಈಗ ನೀವು ಕೊಡಿ, ಯಾರು ಹೇಳಿ ಮಾಡಿಸಿದ್ದು ಅಂತ. ಆಮೇಲೆ ಇಳೀರಿ."